ಮೇಡಂ ಮನೆಯ ಮುಯ್ಯಿ

ನಮಗೆ ಚೀನೀ ಭಾಷೆ ಕಲಿಸುತ್ತಿದ್ದ ಮೇಡಂ ಬೆರಳುಗಳ ತುಂಬ ಗುಲಾಬಿ ಮುಳ್ಳಿನ ಗೀರು. ಬೆಳಗ್ಗೆ ಬಾಗಲೂರಿನ ತಮ್ಮ ತೋಟದಲ್ಲಿ ಅಣ್ಣನ ಜೊತೆ ಹೂ ಕೊಯ್ದು, ಅದೇ ಕೈಯಲ್ಲಿ ಕುಂಚ ಹಿಡಿದು ನಮಗೆ ಚೀನೀ ಅಕ್ಷರ ಬರೆದು ತೋರಿಸುತ್ತಿದ್ದರು. ಗೀರಿಗೆ ಮಸಿ ತಾಗಿ ಉರಿದರೆ ಬೆರಳನ್ನು ಬಾಯಿಗಿಟ್ಟುಕೊಳ್ಳುವರು. ನಾಲಗೆ ಕಪ್ಪಾಗುತ್ತಿತ್ತು. ನಾವು ನಗುತ್ತಿದ್ದೆವು, ಅವರೂ ನಗುತ್ತಿದ್ದರು.

ಮೇಡಂ ಮದುವೆಯಾಗಲಿಲ್ಲ. ಆದರೆ ಬಾಗಲೂರಿನಿಂದ ಮತ್ತಿಗಿರಿಯವರೆಗೆ ಯಾರ ಮನೆಯ ಮದುವೆ, ನಾಮಕರಣವನ್ನೂ ತಪ್ಪಿಸಿದವರಲ್ಲ. ಹೋದಲ್ಲೆಲ್ಲ ದುಡ್ಡಿನ ಮುಯ್ಯಿ ಹಾಕುವರು. ಇವತ್ತು ನಿಮ್ಮ ಮನೆಯ ಕಾರ್ಯಕ್ಕೆ ನಾನು ಹಾಕಿದರೆ, ನಾಳೆ ನಮ್ಮ ಮನೆಯ ಕಾರ್ಯಕ್ಕೆ ನೀವು ಅದಕ್ಕಿಷ್ಟು ಸೇರಿಸಿ ಹಾಕಬೇಕು. ನಮ್ಮ ಕಡೆ ಇದನ್ನು ತಪ್ಪಿಸಿದವರು ತಲೆಯೆತ್ತಿ ಓಡಾಡುವಂತಿಲ್ಲ. "ನಿಂಗೆ ಯಾವಾಗಮ್ಮ ನಾವು ತಿರುಗ್ಸಿ ಹಾಕಾದು?" ಎಂದು ಹೆಂಗಸರು ರೇಗಿಸಿದರೆ, "ನಮ್ಮನೇಲೂ ಒಂದು ಕಾರ್ಯ ಬತ್ತದೆ, ಇರಿ" ಎನ್ನುತ್ತಿದ್ದರು.

ಬಂತು. ಚೀನೀ ವಿಭಾಗಕ್ಕೆ ಇನ್ನು ದುಡ್ಡಿಲ್ಲ, ಬಡ್ಡಿಯಲ್ಲೇ ನಡೆಯುವಂಥ ಶಾಶ್ವತ ನಿಧಿಯನ್ನು ಯಾರಾದರೂ ಕಟ್ಟಿದರೆ ಸರಿ, ಇಲ್ಲದಿದ್ದರೆ ಮುಚ್ಚುತ್ತೇವೆ ಎಂದಿತು ವಿಶ್ವವಿದ್ಯಾಲಯ. ಚೀನಾದಿಂದ ಯಂತ್ರ ತರಿಸುವ ಕಾರ್ಖಾನೆ ಮಾಲೀಕರೊಬ್ಬರು ಮೂರು ವರ್ಷ ದುಡ್ಡು ಕೊಡಲು ಒಪ್ಪಿದರು, ಆದರೆ ಯಂತ್ರದ ಮಾತಷ್ಟೇ ಕಲಿಸಬೇಕು, ಕವಿತೆ ಚರಿತ್ರೆ ಬೇಡ. ಮೇಡಂ ಕೈಮುಗಿದು ಎದ್ದು ಬಂದರು. "ನಟ್ಟು ಬೋಲ್ಟಿನ ಹೆಸ್ರು ಕಲ್ತ್ರೆ ಆ ಜನದ ಮನಸ್ಸು ತಿಳೀತದಾ? ಅಲ್ಲ, ನಾಲ್ಕನೇ ವರ್ಷ ಯಾರ ಬಾಗ್ಲಿಗೆ ಹೋಗಾನ?"

ಆಲಸನತ್ತಂ ಊರಿನ ಒಂದು ಮದುವೆ ಛತ್ರ ಹಿಡಿದು, ಊಟ ಮಾಡಿಸಿ, ನಿಧಿಗೆ ಮುಯ್ಯಿ ಹಾಕಲು ಎಲ್ಲರನ್ನೂ ಕರೆದರು. ತಾವೇ ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತ ನಿಂತರು. ಅಜ್ಜಿಯೊಬ್ಬರು ಖಾಲಿ ವೇದಿಕೆ ನೋಡಿ "ಹೆಣ್ಣೆಲ್ಲಮ್ಮ?" ಎಂದರು. ಮೇಡಂ ನನ್ನನ್ನು ಎಳೆದುಕೊಂಡು ಹೋಗಿ ವೇದಿಕೆಯ ಕುರ್ಚಿಯಲ್ಲಿ ಕೂರಿಸಿದರು. "ಇವ್ಳೇ ಕಣಜ್ಜಿ. ಇವ್ಳ ಓದು ನಿಲ್ಬಾರ್ದು ಅಂತ ಹರಸು." ಅಜ್ಜಿ ಗಂಡೆಲ್ಲಿ ಎಂದು ಕೇಳದೆ ನನ್ನ ತಲೆಗೆ ಅಕ್ಷತೆ ಹಾಕಿದರು. ಹಿಂದೆ ಬಂದವರೂ ಹಾಗೇ ಮಾಡಿದರು. ಗಡಿಸೀಮೆಯ ಜನ, ಕನ್ನಡ, ತಮಿಳು, ತೆಲುಗು, ಯಾವ ಬಾಯಿಗೆ ಯಾವುದು ಬಂತೋ ಅದರಲ್ಲಿ ಹರಸಿ ಮುಯ್ಯಿ ಹಾಕಿದರು.

ನಿಧಿಗೆ ಆ ಮುಯ್ಯಿ ಸಾಲದೆ ಕೊರತೆ ಬಿದ್ದದ್ದಕ್ಕೆ ಮೇಡಂ ತೋಟದ ತಮ್ಮ ಪಾಲನ್ನು ಮಾರಿದರು. ವಿಭಾಗ ಉಳಿಯಿತು. ಆ ನಿಧಿಯ ಮೊದಲ ಬಡ್ಡಿ ಬರುವ ಹೊತ್ತಿಗೆ ಅವರು ಕ್ಯಾನ್ಸರ್ ಆಗಿ ಆಸ್ಪತ್ರೆಯಲ್ಲಿದ್ದರು. ಕೈ ಹಿಡಿದುಕೊಂಡೆ. ಬೆರಳುಗಳು ನುಣ್ಣಗಿದ್ದವು, ಒಂದು ಗೀರೂ ಇರಲಿಲ್ಲ. ಅದನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ.

"ಅಳ್ಬೇಡ. ಹಾಕಿಸ್ಕೊಂಡ ಮುಯ್ಯಿ ತೀರಿಸ್ಬೇಕು ಕಣೇ. ನಾನಿಲ್ದಿದ್ರೆ ನೀನೋಗಿ ಹಾಕು" ಎಂದರು. ಆ ವಾರವೇ ಹೋಗಿಬಿಟ್ಟರು.

ಈಗ ಅವರ ಪಾಠ ನಾನು ಮಾಡುತ್ತೇನೆ. ಆ ಬಡ್ಡಿಯೇ ನನ್ನ ಸಂಬಳ. ಅಕ್ಷತೆ ಹಾಕಿದ ಅಜ್ಜಿಯ ಮೊಮ್ಮಗಳ ಮದುವೆ ಮೊನ್ನೆ ಆಯಿತು. ಮುಯ್ಯಿ ಬರೆದುಕೊಳ್ಳುತ್ತಿದ್ದವರ ಮುಂದೆ ಕವರ್ ಇಟ್ಟು ಮೇಡಂ ಹೆಸರು ಹೇಳಿದೆ. ಅವರು ಪೆನ್ನು ನಿಲ್ಲಿಸಿದರು.

"ತೀರೋದೋರ ಹೆಸ್ರಲ್ಲಿ ಬರ್ಕೊಳ್ಳಲ್ಲಮ್ಮ. ಅವ್ರ ಮನೆಯಿಂದ ಹಾಕೋರು ಯಾರಿದಾರೆ?"

"ನಾನಿದೀನಿ" ಎಂದೆ. ಕವರನ್ನು ಅವರ ಕಡೆ ಸರಿಸಿದೆ. "ಮೇಡಂ ಮನೆ ಮುಯ್ಯಿ ಅಂತ ಬರ್ಕೊಳ್ಳಿ."