ಹುಣಸೆಹುಳಿಯಲ್ಲಿ ಉಜ್ಜಿದ ಬೆಳ್ಳಿ

ಇವತ್ತು ಬೆಳಿಗ್ಗೆ ದೇವರ ದೀಪ ಉಜ್ಜಲಿಕ್ಕೆ ಕೂತಿದ್ದೆ. ಒಂದು ಮುಷ್ಟಿ ಬೂದಿ, ಸಾರಿಗೆ ಹಿಂಡಿ ಉಳಿದ ಹುಣಸೆಹುಳಿ, ಚೂರು ತೆಂಗಿನ ನಾರು. ಇಷ್ಟಿದ್ದರೆ ನಮ್ಮ ಕಡೆಯ ಹೆಂಗಸರ ಎದುರು ಯಾವ ಲೋಹವೂ ಕಪ್ಪಗೆ ಕೂತಿರುವ ಧೈರ್ಯ ಮಾಡುವುದಿಲ್ಲ. ಸೊಸೆ ಬ್ರಹ್ಮಾವರ ಪೇಟೆಯಿಂದ ಪಾತ್ರೆ ಹೊಳೆಯುವ ಎಂಥದೋ ಬಾಟಲಿ ತಂದಿಟ್ಟಿದ್ದಾಳೆ. ಅದನ್ನು ನಾನು ಇನ್ನೂ ಮುಚ್ಚಳ ತೆಗೆದು ನೋಡಿದವಳಲ್ಲ, ನನ್ನ ಹಟ ನನಗೆ. ಹುಳಿ ಬೂದಿಗೆ ಸೇರಿ ಆ ವಾಸನೆ ಮೇಲೆದ್ದದ್ದೇ ತಡ, ಕೈ ತನ್ನಷ್ಟಕ್ಕೆ ನಿಂತಿತು. ಜಗಲಿಯಿಂದ ನಮ್ಮನೆಯವರು, "ಹ್ವಾಯ್, ಚಾ ಇವತ್ತ್ ಸಿಕ್ಕುದಾ, ನಾಳಿಗಾ?" ಎಂದು ಶುರುಮಾಡಿದರು. ಬೇರೆ ದಿನವಾದರೆ ಅದಕ್ಕೆ ತಕ್ಕ ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇರುತ್ತದೆ. ಇವತ್ತು ಅಣ್ಣ ನೆನಪಾಗಿಬಿಟ್ಟ.

ನನ್ನ ಅಣ್ಣನ ಪರಿಚಯ ನಿಮಗೆ ಮಾಡಿಸಬೇಕೆಂದರೆ ಮೊದಲು ಅವನ ಬೈಗುಳದಿಂದಲೇ ಶುರುಮಾಡಬೇಕು. ಕುಂದಾಪುರದ ಕೋಡಿಯಲ್ಲಿ ಅವನ ಮನೆ, ಗಂಗೊಳ್ಳಿ ಬಂದರಿನಲ್ಲಿ ಅವನ ಮೀನು ವ್ಯಾಪಾರ. ಬೆಳಗಾಗುವ ಮೊದಲೇ ಬಂದರಿನ ಏಲಂನಲ್ಲಿ ನಿಂತು ಕೂಗಿ ಕೂಗಿ, ಅವನಿಗೆ ಮೆತ್ತಗೆ ಮಾತಾಡುವುದೇ ಮರೆತುಹೋಗಿತ್ತು. ಮನೆಗೆ ಬಂದರೆ ಗಂಜಿ ಬಿಸಿಯೆಂದು ಬೈಗುಳ, ಆರಿದೆಯೆಂದು ಬೈಗುಳ. ಪೇಪರಿನ ಮಡಿಕೆ ತಪ್ಪಿದರೆ ಬೈಗುಳ. ಅಂಗಳಕ್ಕೆ ಬಂದ ಕಾಗೆಗೂ ಅದರ ಕುಲಗೋತ್ರ ಹಿಡಿದು ಒಂದು ಪಾಲು. ನನ್ನ ಗಿರಿಜತ್ತಿಗೆ, ನನ್ನದೇ ವಾರಗೆಯವಳು, ಮದುವೆಯಾಗಿ ಬಂದ ಹೊಸತರಲ್ಲಿ ಬೆದರಿ ಬಾವಿಕಟ್ಟೆಯಲ್ಲಿ ಕೂತು ಅಳುತ್ತಿದ್ದಳು. ಆಮೇಲೆ ಗೊತ್ತುಮಾಡಿಕೊಂಡಳು. ಇವರು ಬಯ್ದರೆ ಹೊಟ್ಟೆ ತುಂಬಿದೆ, ಮೈ ಸಮ ಇದೆ, ವ್ಯಾಪಾರ ಆಗಿದೆ ಎಂದೇ ಅರ್ಥ. "ನಿಮ್ಮಣ್ಣ ಬಯ್ಯುದ್ ನಿಲ್ಸಿರೆ ನಂಗ್ ರೇಡಿಯ ಹಾಳಾದಂಗ್ ಆತ್ತ್" ಎಂದು ನನ್ನ ಹತ್ತಿರ ನಗುತ್ತಿದ್ದಳು.

ಇಂಥ ಮನುಷ್ಯನಿಗೆ ಬೆಳ್ಳಿ ನಾಣ್ಯದ ಮರುಳು ಹೇಗೆ ಹಿಡಿಯಿತೋ ದೇವರಿಗೇ ಗೊತ್ತು. ಅರಸರ ಕಾಲದ ಹಳೆಯ ನಾಣ್ಯವಲ್ಲ. ಯಾರೋ ದೊಡ್ಡವರ ಜನ್ಮಶತಾಬ್ದಿ, ಯಾವುದೋ ಸಂಸ್ಥೆಯ ಅಮೃತಮಹೋತ್ಸವ ಎಂದು ಸರ್ಕಾರದ ಟಂಕಸಾಲೆ ನೆನಪಿಗಾಗಿ ಹೊಡೆಯುತ್ತದಲ್ಲ, ಅದು. ಮೊದಲೇ ದುಡ್ಡು ಕಟ್ಟಿ ಹೆಸರು ಬರೆಸಬೇಕು, ತಿಂಗಳುಗಟ್ಟಲೆ ಕಾಯಬೇಕು. ಆಮೇಲೆ ಅಂಚೆಯಲ್ಲಿ ಮಕಮಲ್ಲಿನ ಪೆಟ್ಟಿಗೆ ಬರುತ್ತದೆ. ಒಳಗೆ ದುಂಡಗಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕನ್ನಡಿಯ ಹಾಗೆ ಹೊಳೆಯುವ ನಾಣ್ಯ. ಮೊದಲ ಸಲ ನೋಡಿದಾಗ ನಾನು ಜಾಣೆಯ ಹಾಗೆ, "ಇದ್ ಅಂಗಡಿಯಗೆ ನಡಿತ್ತಾ ಅಣ್ಣ?" ಎಂದು ಕೇಳಿದ್ದೆ. "ನಡಿತ್ತ್, ನೀ ತಕಂಡ್ ಹೋಯ್ ಬೆಲ್ಲ ತಕಂಡ್ ಬಾ!" ಎಂದು ಅವನು ಕೂಗಿದ ಕೂಗಿಗೆ ಪಕ್ಕದ ಮನೆಯ ನಾಯಿ ಎದ್ದು ನಿಂತಿತ್ತು.

ವ್ಯಾಪಾರದ ಬುದ್ಧಿ ಎಲ್ಲಿ ಹೋಗುತ್ತದೆ ಹೇಳಿ. ಒಂದೇ ತರದ್ದು ಎರಡು ಪೆಟ್ಟಿಗೆ ತರಿಸುವುದು, ಒಳ್ಳೆಯದನ್ನು ಇಟ್ಟುಕೊಂಡು ಇನ್ನೊಂದನ್ನು ಕೆಲವು ವರ್ಷ ಬಿಟ್ಟು ಮಾರುವುದು, ಆ ದುಡ್ಡಿನಲ್ಲಿ ಮತ್ತೊಂದಕ್ಕೆ ಹೆಸರು ಬರೆಸುವುದು. ಯಾವುದು ಒಳ್ಳೆಯದು ಎಂದು ಗೊತ್ತುಮಾಡುವ ಕ್ರಮವನ್ನು ನೀವು ನೋಡಬೇಕಿತ್ತು. ಬಂದರಿನಿಂದ ಬಂದವನು ಮೀನಿನ ವಾಸನೆ ಹೋಗಲು ಹುಣಸೆಹುಳಿಯಲ್ಲಿ ಕೈ ತಿಕ್ಕಿ, ಸೋಪು ಹಾಕಿ ತೊಳೆದು, ಒರೆಸಿ, ಆಮೇಲೆ ಬಿಳಿ ನೂಲಿನ ಗ್ಲೌಸ್ ಹಾಕುತ್ತಿದ್ದ. ಕಿಟಕಿಯ ಬೆಳಕಿಗೆ ನಾಣ್ಯವನ್ನು ಅಂಚಿನಲ್ಲಿ ಹಿಡಿದು ಓರೆಮಾಡಿ, ಭೂತಗನ್ನಡಿಯಲ್ಲಿ ಗೀರು ಇದೆಯಾ, ಬೆರಳಿನ ಗುರುತು ಇದೆಯಾ, ಹಾಲು ಸಿಡಿದ ಹಾಗೆ ಬಿಳಿ ಚುಕ್ಕೆ ಇದೆಯಾ ಎಂದು ಹುಡುಕುತ್ತಿದ್ದ. ಥೇಟ್ ಮೀನು ತಾಜಾ ಹೌದಾ ಎಂದು ಬಂಗುಡೆಯ ಕಿವಿರು ಎತ್ತಿ ನೋಡುವ ಮುಖವೇ. ಆ ಹೊತ್ತಿಗೆ ಅವನ ಬಾಯಿ ಮಾತ್ರ ಮುಚ್ಚಿರುತ್ತಿತ್ತು, ಮನೆಯಲ್ಲಿ ಎಲ್ಲರಿಗೂ ಅಷ್ಟು ಹೊತ್ತು ಪುರುಸೊತ್ತು.

ಕೋಡಿಯ ಉಪ್ಪುಗಾಳಿ ನಿಮಗೆ ಗೊತ್ತಲ್ಲ, ಬಾಗಿಲ ಚಿಲಕವನ್ನೇ ತಿನ್ನುತ್ತದೆ. ಚಪ್ಪಲಿ ಪೆಟ್ಟಿಗೆಯಲ್ಲಿ ಸಿಕ್ಕುವ, ತೇವ ಹೀರುವ ಪೊಟ್ಟಣಗಳನ್ನು ಊರೆಲ್ಲ ಬೇಡಿ ತಂದು ಕಪಾಟಿಗೆ ತುಂಬಿದ್ದ. ಆ ಕೋಣೆಯ ಪಕ್ಕ ಒಣಮೀನು ಸುಡಬಾರದು ಎಂದು ಅತ್ತಿಗೆಗೆ ತಾಕೀತು ಬೇರೆ. ಮೀನು ವ್ಯಾಪಾರಿಯ ಮನೆಯಲ್ಲಿ ಒಣಮೀನಿಗೆ ಬಹಿಷ್ಕಾರ! ಆದರೂ ನಾಣ್ಯಗಳು ನಿಧಾನಕ್ಕೆ ಮಾಸಿದವು. ಮೊದಲು ಜೇನಿನ ಬಣ್ಣ, ಆಮೇಲೆ ಅಂಚಿನಲ್ಲಿ ನೀಲಿ, ಆಮೇಲೆ ಕಪ್ಪು. "ಒಂಚೂರ್ ಉಜ್ಜುಕಾಗ್ದಾ?" ಎಂದು ಅತ್ತಿಗೆ ಒಮ್ಮೆ ಕೇಳಿದ್ದಕ್ಕೆ ಅಣ್ಣ ಅವತ್ತು ಕೊಟ್ಟ ಬೈಗುಳ ಕೋಡಿಯಿಂದ ಹೊಳೆ ದಾಟಿ ಆಚೆ ದಡಕ್ಕೂ ಕೇಳಿರಬೇಕು. "ಮುಟ್ಟಿರೆ ಕೈ ಮುರಿತೆ" ಎಂದುಬಿಟ್ಟ. ಯಾಕೆ ಎಂದು ಅವಳಿಗೆ ಹೇಳಲಿಲ್ಲ. ಅವನಿಗೆ ಬಯ್ಯಲು ಬರುತ್ತಿತ್ತು, ವಿವರಿಸಲು ಬರುತ್ತಿರಲಿಲ್ಲ. ಆಮೇಲೆ ನಾನು ಕೇಳಿದ್ದಕ್ಕೆ ನನಗೆ ಹೇಳಿದ. "ಕಪ್ಪಾರೆ ಅಡ್ಡಿಲ್ಲ ಹೆಣ್ಣೆ, ಅದ್ ವಯಸ್ಸ್. ಉಜ್ಜಿರೆ ಅದ್ರ ಚರ್ಮ ಹೋತ್ತ್. ಚರ್ಮ ಹೋದ್ ಮೀನ್ ಯಾರ್ ತಕಂತ್ರ್?" ಕಪಾಟು ಮುಚ್ಚುತ್ತ, "ನಂಗೆಂತಾರೂ ಆರೆ ಗಿರಿಜಂಗೆ ಇದೇ ಇಪ್ಪುದ್" ಎಂದ. ಅವನು ಅವಳ ಹೆಸರನ್ನು ಅಷ್ಟು ಮೆಲ್ಲಗೆ ಹೇಳಿದ್ದು ಕೇಳಿ ನನಗೆ ನಾಚಿಕೆಯಾಯಿತು.

ಆಮೇಲೆ ಅವನಿಗೆ ಕಾಯಿಲೆ ಬಂತು. ಯಾವ ಕಾಯಿಲೆ ಎಂದು ಈಗ ಹೇಳಿ ಏನಾಗಬೇಕು? ಆಸ್ಪತ್ರೆಯಲ್ಲಿ ಮಲಗಿದ್ದು ಒಂದು ದೀಪಾವಳಿಯ ಮುಂಚೆ. ಅಲ್ಲಿ ಅವನು ಬಹಳ ಒಳ್ಳೆಯವನಾದ. ಸಪ್ಪೆ ಗಂಜಿಯನ್ನು ತುಟಿ ಪಿಟಕ್ಕೆನ್ನದೆ ಕುಡಿದ. ಸೂಜಿ ಚುಚ್ಚಿದ ನರ್ಸಿಗೆ "ಉಪಕಾರ ಆಯ್ತ್ ಮಗಾ" ಎಂದ. "ನಿಮ್ಮಣ್ಣ ಎಷ್ಟು ಸಮಾಧಾನದವರು" ಎಂದು ಆ ಹುಡುಗಿ ನನಗೆ ಹೇಳಿದಾಗ ನನಗೆ ನಗುವೇ ಬಂದಿತ್ತು. ಅತ್ತಿಗೆ ಮಾತ್ರ ನಗಲಿಲ್ಲ. ಹಬ್ಬಕ್ಕೆ ಮನೆಯಲ್ಲಿ ದೀಪ ಇಡದೆ ಆಗುವುದಿಲ್ಲವೆಂದು ಅವಳು ಎರಡು ದಿನ ಕೋಡಿಗೆ ಹೋದಳು. ನಾನು ಅಣ್ಣನ ಹತ್ತಿರ ನಿಂತೆ.

ಹಬ್ಬದ ಮರುದಿನ ನಾನೇ ಅವನನ್ನು ಮನೆಗೆ ಕರೆದುಕೊಂಡು ಬಂದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಾರಿನಿಂದ ಇಳಿಸಿ ಚಾವಡಿಯ ಕುರ್ಚಿಯಲ್ಲಿ ಕೂರಿಸಿದ್ದೆ. ಅತ್ತಿಗೆ ಒಳಗಿನಿಂದ ಹರಿವಾಣ ಹಿಡಿದು ಬಂದಳು. ಹರಿವಾಣದ ತುಂಬ ಅವನ ನಾಣ್ಯಗಳು. ಪೆಟ್ಟಿಗೆಯಿಂದ ತೆಗೆದು, ಹೇರ್‌ಪಿನ್ನಿನಲ್ಲಿ ಡಬ್ಬಿ ಬಿಚ್ಚಿ, ಹಬ್ಬದ ಬೆಳ್ಳಿ ಕಪ್ಪಗಿರಬಾರದೆಂದು ಹುಳಿ ಬೂದಿ ಹಾಕಿ, ತೆಂಗಿನ ನಾರಿನಲ್ಲಿ ಒಂದೊಂದನ್ನೂ ತಿಕ್ಕಿದ್ದಳು. ಹೊಸ ಚೊಂಬಿನ ಹಾಗೆ ಬೆಳ್ಳಗೆ ಹೊಳೆಯುತ್ತಿದ್ದವು. ಪೂಜೆ ಮಾಡಿದ್ದಕ್ಕೆ ಒಂದೊಂದರ ಮೇಲೂ ಕುಂಕುಮ. ಹುಳಿಯ ವಾಸನೆ ಇನ್ನೂ ಹೋಗಿರಲಿಲ್ಲ. ಅಯ್ಯೋ ದೇವರೇ, ಈಗ ಇವನ ಕೂಗಿಗೆ ಮನೆಯ ಮಾಡು ಹಾರಿಹೋಗುತ್ತದೆ ಎಂದು ನಾನು ಕಣ್ಣು ಮುಚ್ಚಿದೆ.

ಏನೂ ಆಗಲಿಲ್ಲ. ಕಣ್ಣು ಬಿಟ್ಟರೆ ಅಣ್ಣ ಹರಿವಾಣವನ್ನೇ ನೋಡುತ್ತಿದ್ದಾನೆ. ಆಮೇಲೆ ಬರಿಗೈ ಚಾಚಿ ಒಂದನ್ನು ಎತ್ತಿ, ಹೆಬ್ಬೆರಳನ್ನು ಅದರ ಮುಖದ ಮೇಲೆಯೇ ಇಟ್ಟು ಹಿಡಿದುಕೊಂಡ. ಅಷ್ಟು ವರ್ಷಗಳಲ್ಲಿ ಹಾಗೆ ಹಿಡಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಚಂದ ಆಯ್ತ್ ಗಿರಿಜಾ" ಎಂದ. "ಬಲೆಯಗ್ ಬಂದ ಹೊಸ ಮೀನ್ ಕಂಡಂಗ್ ಇತ್ತ್."

ಅತ್ತಿಗೆ ಅವನ ಮುಖವನ್ನೇ ನೋಡುತ್ತ ನಿಂತಳು. "ಹೌದಾ?" ಎಂದಳು. ಹರಿವಾಣವನ್ನು ಅಲ್ಲೇ ಇಟ್ಟು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅಡುಗೆಮನೆಗೆ ಹೋದಳು. ಪಾಪ, ಗಂಡ ಜನ್ಮದಲ್ಲಿ ಮೊದಲ ಸಲ ಹೊಗಳಿದ್ದಕ್ಕೆ ಸಂತೋಷ ತಡೆಯಲಾಗಲಿಲ್ಲ ಎಂದುಕೊಂಡೆ. ಅವಳು ಅತ್ತ ಹೋದ ಮೇಲೆ ಅಣ್ಣ ನಾಣ್ಯವನ್ನು ನನ್ನ ಕೈಯಲ್ಲಿಟ್ಟ. "ಎಲ್ಲ ಹೋಯ್ತ್ ಹೆಣ್ಣೆ. ಇನ್ನ್ ಬೆಳ್ಳಿ ತೂಕಕ್ಕೆ ಮಾತ್ರ. ಅವ್ಳಿಗ್ ಹೇಳ್ಬೇಡ. ನಾ ಇಪ್ಪತನಕವೂ ಹೇಳ್ಬೇಡ, ಹೋದ್ ಮೇಲೂ ಹೇಳ್ಬೇಡ. ಪ್ರೀತಿಯಗ್ ಮಾಡಿದ್ದ್." ನಾನು ಮಾತು ಕೊಟ್ಟೆ.

ಮುಂದಿನ ಮಳೆಗಾಲ ಹಿಡಿಯುವ ಮೊದಲೇ ಅಣ್ಣ ಹೋದ.

ಆಮೇಲೆ ಅತ್ತಿಗೆ ಪ್ರತಿ ಹಬ್ಬಕ್ಕೂ ಅವನ್ನು ತೆಗೆದು ಉಜ್ಜುವುದು, ನಾನು ಹೋದಾಗ "ಕಾಣ್, ಹ್ಯಾಂಗ್ ಹೊಳಿತ್ತ್" ಎಂದು ತೋರಿಸುವುದು, ನಾನು "ಚಂದ ಇತ್ತ್ ಅತ್ತಿಗೆ" ಎಂದು ಬೇಗ ಚಪ್ಪಲಿ ಹುಡುಕುವುದು. ಬ್ರಹ್ಮಾವರಕ್ಕೆ ಬಸ್ಸು ಹತ್ತಿ ಕೂತರೆ ದಾರಿಯುದ್ದಕ್ಕೂ ಅದೇ ಯೋಚನೆ. ಗುಟ್ಟು ಇಟ್ಟುಕೊಳ್ಳುವ ಹೊಟ್ಟೆಯಲ್ಲ ನನ್ನದು. ಊರ ಸುದ್ದಿ ನನ್ನ ಕಿವಿಗೆ ಬಿದ್ದರೆ ಸಂಜೆಯೊಳಗೆ ಹಂಗಾರಕಟ್ಟೆ ಮುಟ್ಟುತ್ತದೆ ಎಂದು ನಮ್ಮನೆಯವರು ತಮಾಷೆ ಮಾಡುವುದು ಸುಳ್ಳಲ್ಲ. ಆದರೂ ಇದೊಂದನ್ನು ಬಿಗಿಯಾಗಿ ಹಿಡಿದಿದ್ದೆ. ಇವಳಿಗೆ ಗೊತ್ತಾದರೆ ಎದೆ ಒಡೆಯುತ್ತದೆ ಎಂಬ ಒಂದೇ ಹೆದರಿಕೆ.

ಗೊತ್ತಾದದ್ದು ಹೋದ ತಿಂಗಳು. "ನಂಗ್ ಇದ್ರ ಗುಣ ಗೊತ್ತಿಲ್ಲೆ, ಗೊತ್ತಿದ್ದವ್ರ್ ಹತ್ರ ಇರ್ಲಿ" ಎಂದು ಅತ್ತಿಗೆ ಅಣ್ಣನ ಹಳೆಯ ಗೆಳೆಯರಾದ ಉಡುಪಿಯ ಕಾಮತರಿಗೆ ಫೋನು ಮಾಡಿದ್ದಳಂತೆ. ಅವರೂ ನಾಣ್ಯ ಕೊಂಡು ಮಾರುವವರೇ. ನನಗೆ ವಿಷಯ ಮುಟ್ಟಿ, ಎದ್ದೆನೋ ಬಿದ್ದೆನೋ ಎಂದು ನಾನು ಕೋಡಿಗೆ ತಲುಪುವಾಗ ಕಾಮತರು ಕಿಟಕಿಯ ಹತ್ತಿರ ಭೂತಗನ್ನಡಿ ಹಿಡಿದು ಕೂತಾಗಿತ್ತು. ಕಣ್ಣು ಮಿಟುಕಿಸಿದೆ, ಕೆಮ್ಮಿದೆ, ಗೋಳಿಬಜೆ ತಟ್ಟೆಯನ್ನು ಅವರ ಮೂಗಿನ ಹತ್ತಿರ ಹಿಡಿದೆ. ಆ ಪುಣ್ಯಾತ್ಮರು ತಲೆ ಎತ್ತಿದರೆ ತಾನೆ! ಒಂದನ್ನು ನೋಡಿ ಇಟ್ಟರು, ಇನ್ನೊಂದನ್ನು ನೋಡಿ ಇಟ್ಟರು. ಪೆಟ್ಟಿಗೆ ಮುಚ್ಚಿದರು. "ಅಮ್ಮ, ಇದನ್ನು ಯಾರೋ ತಿಕ್ಕಿದ್ದಾರೆ. ಮೈಯೆಲ್ಲ ಗೀರು. ಬೆಳ್ಳಿಯ ಬೆಲೆ ಬಿಟ್ಟರೆ ಇನ್ನೇನೂ ಹುಟ್ಟುವುದಿಲ್ಲ. ನಿಮ್ಮ ಯಜಮಾನರು ಯಾರಿಗೂ ಮುಟ್ಲಿಕ್ಕೆ ಬಿಡುತ್ತಿರಲಿಲ್ಲ, ಇದು ಹೇಗಾಯ್ತು?" ಅವರ ತಪ್ಪಿಲ್ಲ, ಕೇಳಿದರು. ಅತ್ತಿಗೆ ಅವರ ಲೋಟಕ್ಕೆ ಇನ್ನಷ್ಟು ಚಾ ಬಗ್ಗಿಸಿದಳು.

ಅವರು ಹೋದ ಮೇಲೆ ನಾವಿಬ್ಬರೇ. ಅತ್ತಿಗೆ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನನ್ನು ಕೇಳಿದಳು, "ನಿಮ್ಮಣ್ಣಂಗೆ ಅವತ್ತ್ ಗೊತ್ತಾಯ್ದಾ?"

ಇಲ್ಲ ಎನ್ನಲು ಬಾಯಿ ತೆರೆದೆ. ಅವಳ ಕಣ್ಣಿನ ಎದುರು ಆ ಸುಳ್ಳು ಏಳಲೇ ಇಲ್ಲ. "ಗೊತ್ತಾಯ್ತ್ ಅತ್ತಿಗೆ. ನಿಂಗ್ ಹೇಳ್ಬೇಡ ಅಂದಿದ್ದ" ಎಂದು ಅತ್ತುಬಿಟ್ಟೆ. ಸಮಾಧಾನ ಮಾಡಬೇಕಾದವಳು ನಾನು. ಅವಳೇ ನನ್ನ ಬೆನ್ನು ಸವರಿದಳು.

"ಇದ್ರ ಬೆಲೆ ಹೋತ್ತ್ ಅಂದ್ ನಂಗೊತ್ತಿರ್ಲಿಲ್ಲ ಮಾರಾಯ್ತಿ" ಎಂದಳು. "ಆರೆ ಮುಟ್ಟಿರೆ ಬಯ್ತ್ರ್ ಅಂದ್ ಗೊತ್ತಿತ್ತಲೆ. ಹಬ್ಬಕ್ಕೆ ಉಜ್ಜಿದ್ದ್ ಹೌದ್. ಹರಿವಾಣದಗ್ ತಂದ್ ಇವ್ರ್ ಎದ್ರಿಗ್ ಇಟ್ಟದ್ದ್ ಬಯ್ಲಿ ಅಂದೇ. ಆಸ್ಪತ್ರೆಯಗ್ ಇದ್ದಷ್ಟ್ ದಿನವೂ ಇವ್ರ್ ನಂಗ್ ಒಂದ್ ಸಲವೂ ಬಯ್ಲಿಲ್ಲ. ಮನೆಗ್ ಬಂದ್ ಇದನ್ನ್ ಕಂಡಾರೂ ಬಯ್ದ್ರೆ, ನನ್ ಗಂಡ ವಾಪಸ್ ಬಂದ ಅಂದ್ಕಂತಿದ್ದೆ." ಅವಳು ಪೆಟ್ಟಿಗೆಯ ಮಕಮಲ್ಲನ್ನು ಸವರುತ್ತ ಕೂತಳು. "ಚಂದ ಆಯ್ತ್ ಅಂದ್ರಲ. ಅವತ್ತೇ ನಂಗ್ ಗೊತ್ತಾಯ್ತ್, ಇನ್ನ್ ಇವ್ರ್ ಉಳುದಿಲ್ಲ ಅಂದ್. ಒಳಗ್ ಹೋಯ್ ಅತ್ತದ್ದ್ ಅದ್ಕೇ."

ಅವಳ ಎದೆ ಒಡೆಯಬಾರದೆಂದು ಅಣ್ಣ ಬಾಯಿ ಕಟ್ಟಿಕೊಂಡ. ಅದು ಒಡೆದದ್ದೇ ಅದರಿಂದ. ನಾನೋ, ಒಳ್ಳೆಯ ಕಾವಲುಗಾತಿಯ ಹಾಗೆ, ಎಂದೋ ಬರಿದಾದ ಮನೆಗೆ ಬೀಗ ಹಾಕಿ ಇಷ್ಟು ದಿನ ಕೂತಿದ್ದೆ. ಹೊರಡುವಾಗ ಅತ್ತಿಗೆ ಒಂದು ನಾಣ್ಯವನ್ನು ನನ್ನ ಕೈಯಲ್ಲಿ ಇಟ್ಟು, "ಉಜ್ಜಬೇಡ, ಕಪ್ಪಾಯ್ಲಿ" ಎಂದಳು.

ಅದು ಈಗ ನಮ್ಮ ದೇವರ ಕೋಣೆಯಲ್ಲಿ ದೀಪದ ಬದಿಯಲ್ಲೇ ಇದೆ. ದೀಪ ಉಜ್ಜಿ ಮುಗಿಯಿತು, ಅದನ್ನು ಮುಟ್ಟಲಿಲ್ಲ. ಅಂಚಿನಲ್ಲಿ ತೆಳ್ಳಗೆ ಜೇನಿನ ಬಣ್ಣ ಹಿಡಿಯುತ್ತಿದೆ. ಕೈ ತೊಳೆದು ಚಾಕ್ಕೆ ನೀರಿಟ್ಟೆ. ಜಗಲಿಯಲ್ಲಿ ನಮ್ಮನೆಯವರ ಸ್ವರ ಇನ್ನೂ ನಿಂತಿಲ್ಲ. ಚಾದಿಂದ ಶುರುವಾದದ್ದು ನನ್ನ ತವರುಮನೆಯವರೆಗೆ ಬಂದಿದೆ, ಈ ಹೆಂಗಸನ್ನು ಕಟ್ಟಿಕೊಂಡ ದಿನದಿಂದ ಹೊತ್ತಿಗೆ ಸರಿಯಾಗಿ ಒಂದು ತೊಟ್ಟು ಚಾ ಕಂಡಿದ್ದರೆ ಕೇಳಿ ಎಂದು ಬೀದಿಗೆಲ್ಲ ಸಾರುತ್ತಿದ್ದಾರೆ. ಅಡುಗೆಮನೆಯ ಬಾಗಿಲಿಗೆ ಬಂದು ನಿಂತೆ.

"ಎಂತ ಹೇಳಿದ್ರಿ? ಸಮಾ ಕೇಂತಿಲ್ಲ, ಇನ್ನೊಂದ್ ಸಲ ಹೇಳಿ" ಎಂದೆ.

ಅವರು ಇನ್ನೂ ಗಟ್ಟಿಯಾಗಿ ಬಯ್ದರು. ನಾನು ಬಾಗಿಲಿಗೆ ಒರಗಿ ನಿಂತು, ಕೊನೆಯವರೆಗೂ ಕೇಳಿದೆ.