ತಮ್ಮನ ತಲೆಯೊಳಗಿನ ನೀಲಿ ಎಳೆಗಳು

ನನ್ನ ತಮ್ಮ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಬಾಯೇ ಅವನ ಬಂಡವಾಳ. ಜನ್ನಾಪುರದ ಮನೆಯಲ್ಲಿ ಮಲಗಿದಾಗಲೂ ಸ್ಟಾಪುಗಳ ಹೆಸರು ಕೂಗುತ್ತಿದ್ದ. ತಲೆಯೊಳಗೆ ಗಡ್ಡೆ ಬೆಳೆದು ಕಣ್ಣು ಮಂಜಾದಾಗ ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆ.

ಅಲ್ಲಿನ ಡಾಕ್ಟರು ಸ್ಕ್ಯಾನಿನ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ಕಣ್ಣಿಗೆ ಕಟ್ಟುವ ದೊಡ್ಡ ಕನ್ನಡಕದಲ್ಲಿ ತೋರಿಸುತ್ತಿದ್ದರು. ಹಾಕಿಕೊಂಡರೆ ರೋಗಿಯ ತಲೆಯೊಳಗೇ ನಿಂತಂತೆ. "ಗಡ್ಡೆ ಪೂರ್ತಿ ತೆಗೆದ್ರೆ ಮಾತು ಹೋದ್ರೂ ಹೋಗ್ಬಹುದು. ಸ್ವಲ್ಪ ಬಿಟ್ರೆ ಮತ್ತೆ ಬೆಳೀಬಹುದು. ಒಳಗೆ ಹೇಗಿದೆ ಅಂತ ನೋಡಿ, ಆಮೇಲೆ ಹೇಳಿ," ಎಂದರು.

"ನಂಗೆ ಕಾಣಲ್ಲ, ನೀನೇ ನೋಡ್ಕೊಂಡು ಬಾ ಮಾರಾಯ್ತಿ," ಎಂದ ತಮ್ಮ. "ಹೆಣ್ಣು ನೋಡೋಕೂ ನೀನೇ ಹೋಗಿದ್ದೆ. ನೀನು ಬೇಡ ಅಂದೆ, ನಾನು ಬಿಟ್ಟೆ. ಇದನ್ನಾದ್ರೂ ಒಪ್ಕೊಂಡು ಬಾ!"

ಕನ್ನಡಕದೊಳಗೆ ಬೂದು ಬಣ್ಣದ ಗುಹೆ. ಎಳವೆಯಲ್ಲಿ ನಾನು ಎಣ್ಣೆ ಹಚ್ಚಿ ಬಾಚಿದ ತಲೆಯ ಒಳಗೆ ಚಪ್ಪಲಿ ಮೆಟ್ಟಿ ನಿಂತಂತಾಯಿತು. ಕಣ್ಣು ಮುಚ್ಚಿಕೊಂಡೆ. ಅದು ಹೊರಗಿದ್ದವರಿಗೆ ಕಾಣುವುದಿಲ್ಲ.

"ಬಲಕ್ಕೆ ತಿರುಗಿ ಅಮ್ಮಾ. ನೀಲಿ ಎಳೆಗಳು ಕಾಣ್ತಾವಾ? ಅವೇ ಮಾತಿನವು."

"ಕಾಣ್ತಾವೆ ಸಾರ್."

"ಗಡ್ಡೆ ಅದರ ಹತ್ರ ಹೇಗಿದೆ, ಗೊತ್ತಾಯ್ತಲ್ಲ?"

ನಾನು ಶಾಲೆ ಕಂಡಿದ್ದು ಕಡಿಮೆ. ಹೆದರಿದೆ ಎನ್ನಲು ನಾಚಿಕೆ. "ಗೊತ್ತಾಯ್ತು," ಎಂದುಬಿಟ್ಟೆ.

ಹೊರಗೆ ಬಂದರೆ ತಮ್ಮ ಕಾಯುತ್ತಿದ್ದ. "ಹೆಂಗಿದೆ ಅಕ್ಕಾ?"

"ಬಿಡಿಯಾಗಿದೆ ಕಣೋ, ಒಣಗಿದ ಸಿಪ್ಪೆಯೊಳಗಿನ ಗೋಟಡಿಕೆ ಥರ. ತೆಗೆದ್ರೆ ಬಂದ್ಬಿಡುತ್ತೆ."

"ಹಂಗಾದ್ರೆ ಪೂರ್ತಿ ತೆಗೀಲಿ."

ತಮ್ಮ ಉಳಿದ. ಮಾತು ಉಳಿಯಲಿಲ್ಲ. ಈಗ ಅಕ್ಕಿ ಆರಿಸುತ್ತ ಕುಳಿತಾಗ ಬೆನ್ನ ಹಿಂದೆ "ಅಕ್ಕಾ" ಎಂದಂತಾಗುತ್ತದೆ. ತಿರುಗಿದರೆ ಅವನು ತುಟಿ ಮುಚ್ಚಿ ನಿಂತಿರುತ್ತಾನೆ.

ಮೊನ್ನೆ ತಪಾಸಣೆಗೆ ಹೋದಾಗ ಡಾಕ್ಟರನ್ನು ಬೇಡಿಕೊಂಡೆ: "ಆಪರೇಷನ್‌ಗೆ ಮುಂಚಿನದನ್ನ ಇನ್ನೊಂದ್ಸಲ ತೋರ್ಸಿ ಸಾರ್." ಅವರು ತೋರಿಸಿದರು. ಹೂವಿನ ತೊಟ್ಟಿಗೆ ಬಾಳೆನಾರು ಬಿಗಿದ ಹಾಗೆ ನೀಲಿ ಎಳೆಗಳು ಗಡ್ಡೆಯನ್ನು ಸುತ್ತಿಕೊಂಡಿದ್ದವು. ಓದು ಬೇಕಿರಲಿಲ್ಲ. ಅವತ್ತು ಕಣ್ಣು ಬಿಟ್ಟಿದ್ದರೆ, ದಿನವೂ ಹೂ ಕಟ್ಟುವ ನನಗೆ ಒಂದೇ ನೋಟಕ್ಕೆ ತಿಳಿಯುತ್ತಿತ್ತು: ಒಂದನ್ನು ಎಳೆದರೆ ಇನ್ನೊಂದು ಹರಿಯುತ್ತದೆ.

ಮನೆಗೆ ಬಂದು ಅವನೆದುರು ಕುಳಿತೆ. "ಅವತ್ತು ನಾನು ನೋಡ್ಲೇ ಇಲ್ಲ ಕಣೋ. ನಿಂಗೆ ಸುಳ್ಳು ಹೇಳ್ದೆ."

ಅವನು ನನ್ನತ್ತ ತಿರುಗಿದ. ಬಾಯಿ ತೆರೆದ. ಒಂದು ಸದ್ದು ಬಂತು, ಹಿಂದೆಯೇ ಮತ್ತೊಂದು. ಬೈಗುಳವೋ, ಹೋಗಲಿ ಬಿಡು ಎಂಬುದೋ.

"ಇನ್ನೊಂದ್ಸಲ ಹೇಳೋ," ಎಂದೆ.

ಕತ್ತಿನ ನರ ಉಬ್ಬುವ ಹಾಗೆ ಅವನು ಮತ್ತೆ ಹೇಳಿದ.