ಚೀಟಿಯ ಮೇಲೊಂದು ಚೀಟಿ

ಲೈಬ್ರರಿ ಪುಸ್ತಕದ ಹಿಂಬದಿಯ ತಾರೀಖಿನ ಚೀಟಿ ನೋಡಿ ಯಾವತ್ತಾದರೂ ನಿಮ್ಮ ಕಣ್ಣು ತುಂಬಿದೆಯಾ? ನನ್ನ ಕಣ್ಣು ತುಂಬಿತ್ತು.

ನನ್ನ ಮೊದಲ ಕಥೆಪುಸ್ತಕ ಮಂಡ್ಯದ ಅಂಗಡಿಗಳಲ್ಲಿ ಧೂಳು ಹಿಡಿದು ಕೂತಿತ್ತು. ಇನ್ನು ಬರೆಯುವುದೇ ಬೇಡ ಅಂತ ತೀರ್ಮಾನಿಸಿದ್ದೆ. ಆಗ ಮಳವಳ್ಳಿ ಲೈಬ್ರರಿಯಲ್ಲಿ ಅದೇ ಪುಸ್ತಕ ಕಣ್ಣಿಗೆ ಬಿತ್ತು. ತೆರೆದರೆ, ನೇರಳೆ ಮುದ್ರೆಗಳಿಂದ ತುಂಬಿಹೋದ ಚೀಟಿಯ ಮೇಲೆ ಇನ್ನೊಂದು ಚೀಟಿ ಅಂಟಿಸಿದ್ದರು. ಅದೂ ಅರ್ಧ ತುಂಬಿತ್ತು!

ಮನೆಗೆ ಒಯ್ಯೋಣವೆಂದು ಕೌಂಟರಿಗೆ ತಂದೆ.

"ಅದ್ನ ಅಲ್ಲೇ ಮಡಗ್ಬುಡಿ ಕಣಮ್ಮ, ಬೆಳಕವಾಡಿ ಮೇಷ್ಟ್ರು ತಗೊಂಡೋಗಕ್ಕೆ ಬತ್ತಾರೆ," ಎಂದರು ಲೈಬ್ರರಿಯನ್.

"ಬರೆದೋಳು ನಾನೇ ಕಣಣ್ಣ!"

"ಯಾರ್ ಬರುದ್ರೇನು? ಅವ್ರು ಮೊದ್ಲೇ ಯೋಳವ್ರೆ. ನೀವು ಓಗಿ ಇನ್ನೊಂದು ಬರೀರಿ."

ಮನೆಗೆ ಬಂದವಳೇ ಬರೆಯಲು ಕೂತೆ.

ನಿಮಗೂ ಇಂಥ ಚೀಟಿಯ ನೆನಪಿದ್ದರೆ ಕೆಳಗೆ ಬರೆಯಿರಿ, ಓದುತ್ತೇನೆ.